ಏನೋ ಒಂಥರಾ

ಹೈದರಾಬಾದಿನ ನಾಚಾರಂನ ಎಚ್‌ಎಂಟಿ ನಗರಕ್ಕೆ ಬಂದು ಮೂವತ್ನಾಲ್ಕು ವರ್ಷವಾಯಿತು. ನಾನು ತಿಪಟೂರಿನವನು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದೆ. ತೆಲುಗು ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿದ್ದದ್ದು ಕಾರ್ಖಾನೆಯ ತೆಲುಗು. ಲಾರಿ ಬಂತಾ, ಶಿಫ್ಟ್ ಯಾರದು, ಯಾಕೆ ಲೇಟು. ಅದರಲ್ಲಿ ಗದರಬಹುದು, ಚೌಕಾಸಿ ಮಾಡಬಹುದು, ಅಷ್ಟೇ.

ನಿವೃತ್ತಿಯಾದ ಮೇಲೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗತೊಡಗಿತು. ಎದೆ ಡವಡವ. ಡಾಕ್ಟರ ಹತ್ತಿರ ಹೋದರೆ ಇಸಿಜಿ ಸರಿಯಿತ್ತು, ಶುಗರ್ ಸರಿಯಿತ್ತು. ಮನಸ್ಸಿಗೆ ಏನಾದರೂ ಚಿಂತೆಯಾ ಎಂದು ಅವರು ತೆಲುಗಿನಲ್ಲಿ ಕೇಳಿದರು. ಪಾಪ, ಕೇಳಬೇಕಾದ್ದನ್ನೇ ಕೇಳಿದರು. ನಾನು "ಬಾಗಾನೇ ಉನ್ನಾನು", ಚೆನ್ನಾಗಿಯೇ ಇದ್ದೀನಿ, ಅಂದುಬಿಟ್ಟೆ. ಬಾಯಿಗೆ ಬಂದದ್ದು "ಏನೋ ಒಂಥರಾ ಆಗ್ತಿದೆ ಡಾಕ್ಟ್ರೇ" ಅಂತ. ಒಂಥರಾಗೆ ತೆಲುಗಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ತಗೊಂಡು ಮನೆಗೆ ಬಂದೆ.

ಮನೆಯಲ್ಲಿ ಕನ್ನಡವೇ ಅಲ್ಲವೇ, ಹೆಂಡತಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಭಾಷೆ ಇತ್ತು, ಬಾಯಿ ಇರಲಿಲ್ಲ. ಸಂಬಳ ತಂದು ಕೈಗಿಡುತ್ತಿದ್ದ ಗಂಡಸು "ನಂಗೆ ಅಳು ಬರ್ತಿದೆ ಕಣೇ" ಅನ್ನುವುದು ಹೇಗೆ?

ಅಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ 'ಮಾನಸಿಕ ಫಿಟ್‌ನೆಸ್' ಸೂತ್ರಗಳು ಬರತೊಡಗಿದವು. ಬೇಗ ಏಳಿ (ಮೂರಕ್ಕೇ ಎದ್ದಿದ್ದೆ!), ನಡೆಯಿರಿ, ನಗುತ್ತಿರಿ. ನಡೆದೆ. ನಡೆದರೆ ಮೈಗೆ ಹಿತ, ಇಲ್ಲವೆನ್ನುವುದಿಲ್ಲ. ಆದರೆ ಈ ಸೂತ್ರಗಳಲ್ಲಿ ಮನುಷ್ಯ ಒಬ್ಬನೇ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಬೇಕು. ಅದಕ್ಕೇ ನನ್ನ ತಕರಾರು.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಡಾಕ್ಟರು ಕಡಿಮೆ, ನಾಚಿಕೆ ಜಾಸ್ತಿ. ಬೆಂಗಳೂರಿನಲ್ಲಿ ಜಗಳವಾದರೆ "ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅನ್ನುತ್ತಾರೆ. ಇಲ್ಲಿ ಎರ್ರಗಡ್ಡ ಆಸ್ಪತ್ರೆಯ ಹೆಸರು ಹೇಳಿ ಹಂಗಿಸುತ್ತಾರೆ. ಬೈಗುಳವಾದ ಬಾಗಿಲನ್ನು ಯಾರು ತಟ್ಟುತ್ತಾರೆ? ಡಾಕ್ಟರ ಕೊರತೆ, ನಾಚಿಕೆ, ಇವೆರಡರ ಜೊತೆಗೆ ಭಾಷೆಯನ್ನೂ ಸೇರಿಸಿ ಅನ್ನುತ್ತೇನೆ ನಾನು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ, 14416, ನನಗೆ ಇಷ್ಟವಾದದ್ದು ಅದಕ್ಕೇ. ಹಗಲು ರಾತ್ರಿ ಉಚಿತ, ಹಲವು ಭಾರತೀಯ ಭಾಷೆಗಳಲ್ಲಿ ಸೇವೆ. ಊರು ಬಿಟ್ಟು ದುಡಿಯಲು ಹೋದವರ ನಗರಗಳಲ್ಲಿ, ಇಲ್ಲಿನ ಕನ್ನಡಿಗನಿಗಿರಲಿ, ಬೆಂಗಳೂರಿನ ಬಿಹಾರಿ ಗಾರೆ ಕೆಲಸದವನಿಗಿರಲಿ, ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸಿನ ಪಕ್ಕ ಮನೆಮಾತನ್ನೂ ಬರೆದುಕೊಳ್ಳಬೇಕು. ಖರ್ಚೇನೂ ಇಲ್ಲ.

ನಾನು ಮೊದಲು ಬಾಯಿಬಿಟ್ಟದ್ದು ಸಹಾಯವಾಣಿಗಲ್ಲ, ತಿಪಟೂರಿನ ಅಕ್ಕನಿಗೆ. ಗೌರಿ ಹಬ್ಬಕ್ಕೆ ಫೋನ್ ಮಾಡಿದ್ದೆ. "ಯಾಕೋ, ದನಿ ಹಿಂಗಿದೆ?" ಅಂದಳು.

"ಏನೋ ಒಂಥರಾ ಕಣಕ್ಕ."

ಒಂಥರಾ ಅಂದರೆ ಏನು ಅಂತ ಅವಳು ಕೇಳಲಿಲ್ಲ. "ಅಪ್ಪಂಗೂ ಪೆನ್ಷನ್ ಆದ ವರ್ಷ ಹಿಂಗೇ ಆಗಿತ್ತು. ಕೊಟ್ಟಿಗೇಲಿ ಹೋಗಿ ಕೂತ್ಕೊಳ್ಳೋರು, ನೀನಾಗ ಹೈದರಾಬಾದಲ್ಲಿದ್ದೆ" ಅಂದಳು. ಆಮೇಲೆ ಫೋನನ್ನು ನನ್ನ ಹೆಂಡತಿಗೆ ಕೊಡು ಅಂದಳು.

ಮರುವಾರ ತಾರ್ನಾಕಾದ ಮನೋವೈದ್ಯರ ಮುಂದೆ ಇಬ್ಬರೂ ಕೂತಿದ್ದೆವು. ಹೆಂಡತಿಯೇ ದುಭಾಷಿ. ಅವಳ ತೆಲುಗು ತರಕಾರಿ ಗಾಡಿಯ ಹತ್ತಿರ, ಪಕ್ಕದ ಮನೆಯ ಬಾಣಂತನದಲ್ಲಿ, ಎದುರು ಮನೆಯ ಸಾವಿನಲ್ಲಿ ಕಲಿತದ್ದು. ನಾನು ಒಂಥರಾ ಅಂದೆ. ಅವಳು ಒಂದಿಷ್ಟೂ ತಡವರಿಸದೆ "ಅದೋಲಾ ಉಂದಂಟಂಡಿ" ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಎಪ್ಪಟ್ನುಂಚಿ?" ಅಂದರು. ಯಾವಾಗಿನಿಂದ.

ಹೆಂಡತಿ ಉತ್ತರಿಸಲು ಬಾಯಿ ತೆರೆದವಳು ನನ್ನ ಮುಖ ನೋಡಿದಳು. ಅದು ಅವಳಿಗೂ ಗೊತ್ತಿರಲಿಲ್ಲ.