ದುರ್ಬೀನೂ ಗಣಕಯಂತ್ರವೂ

ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ವೈದ್ಯಕೀಯ ಮುಗಿಸಿದರೆ ಹಿರಿಯರಿಗೆ ಈಗ ಹೊಸದೊಂದು ಚಿಂತೆ. ಮಗಳು ಜಠರ-ಕರುಳುಗಳ ಶಸ್ತ್ರವೈದ್ಯಳಾಗುತ್ತೇನೆ ಎನ್ನುತ್ತಾಳೆ. ಜೊತೆಗೇ ಕೃತಕ ಬುದ್ಧಿಮತ್ತೆಯ ಸಂಶೋಧನೆಯನ್ನೂ ಮಾಡುತ್ತೇನೆ ಎನ್ನುತ್ತಾಳೆ. ಎರಡು ದೋಣಿಯಲ್ಲಿ ಕಾಲಿಟ್ಟರೆ ರೋಗಿಯ ಗತಿಯೇನು ಎಂದು ಹಿರಿಯರ ಪ್ರಶ್ನೆ. ತಳ್ಳಿಹಾಕುವ ಪ್ರಶ್ನೆಯಲ್ಲ.

ಪಿತ್ತಕೋಶದ ಶಸ್ತ್ರಕ್ರಿಯೆಯನ್ನೇ ನೋಡೋಣ. ಈ ಸೀಮೆಯಲ್ಲಿ ‘ದುರ್ಬೀನಿನ ಆಪರೇಷನ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಭಾರತದಲ್ಲಿ ಇದನ್ನು ಮೊದಲು ಮಾಡಿದವರು ಮುಂಬಯಿಯ ಜೆ. ಜೆ. ಆಸ್ಪತ್ರೆಯ ಡಾ. ಉಡ್ವಾಡಿಯಾ, 1990ರಲ್ಲಿ. ಹೊಟ್ಟೆಗೆ ಮೂರು ನಾಲ್ಕು ತೂತು, ಒಂದರಲ್ಲಿ ಕ್ಯಾಮೆರಾ. ವೈದ್ಯರು ಪರದೆಯನ್ನು ನೋಡುತ್ತ ಕೊಯ್ಯುತ್ತಾರೆ. ಕತ್ತರಿಸಬೇಕಾದದ್ದು ಪಿತ್ತಕೋಶದ ಸಣ್ಣ ನಾಳ. ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತವನ್ನು ಒಯ್ಯುವ ಮುಖ್ಯ ನಾಳ. ಬಾವಿನಲ್ಲಿ ಒಂದು ಇನ್ನೊಂದರಂತೆ ಕಂಡು ಕತ್ತರಿ ತಪ್ಪಿತೋ, ನಾಲ್ಕು ದಿನದಲ್ಲಿ ಮನೆ ಸೇರಬೇಕಾದವರು ತಿಂಗಳುಗಟ್ಟಲೆ ನರಳಬೇಕು. ಆದ್ದರಿಂದ ಅಮೆರಿಕದ ಡಾ. ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಮೂರು ನಿಬಂಧನೆಗಳನ್ನು ಹಾಕಿಕೊಟ್ಟರು: ಕೊಬ್ಬನ್ನು ಬಿಡಿಸಿ ಜಾಗ ಸ್ಪಷ್ಟವಾಗಬೇಕು, ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬೇರೆಯಾಗಿರಬೇಕು, ಪಿತ್ತಕೋಶಕ್ಕೆ ಸೇರುವ ಒಂದು ನಾಳ, ಒಂದು ರಕ್ತನಾಳ, ಇವೆರಡೇ ಕಾಣಬೇಕು. ಅಲ್ಲಿಯವರೆಗೆ ಕತ್ತರಿ ಆಡಕೂಡದು.

ಇದನ್ನು ಯಂತ್ರಕ್ಕೆ ಕಲಿಸಹೊರಟವರಲ್ಲಿ ಡಾ. ಪಿಯೆತ್ರೊ ಮಸ್ಕಾನ್ಯಿ ಒಬ್ಬರು, ತಾವೂ ಶಸ್ತ್ರವೈದ್ಯರೇ. ಫ್ರಾನ್ಸಿನ ಗಣಕ ವಿಜ್ಞಾನಿಗಳೊಡನೆ ಅವರು 2022ರಲ್ಲಿ ಪ್ರಕಟಿಸಿದ ಪ್ರಬಂಧಕ್ಕಾಗಿ 201 ಆಪರೇಷನ್ನುಗಳ ವೀಡಿಯೊಗಳಿಂದ 2,854 ಚಿತ್ರಗಳನ್ನು ತೆಗೆದು, ನಿಬಂಧನೆಗಳು ಪೂರೈಸಿವೆಯೇ ಎಂದು ಒಂದೊಂದಕ್ಕೂ ಗುರುತು ಹಾಕಲಾಯಿತು. ಬೇಸರದ ದುಡಿಮೆ, ಆದರೆ ಯಂತ್ರದ ವಿದ್ಯೆಯೆಲ್ಲ ಅಲ್ಲೇ ಇದೆ. ಕಡತಕ್ಕೆ ಟಿಪ್ಪಣಿ ಬರೆದು ಹೊಟ್ಟೆ ಹೊರೆಯುವ ನಮಗೆ ಇದು ಹೊಸದಲ್ಲ: ಸಾಹೇಬರು ಎಷ್ಟೇ ಜಾಣರಿರಲಿ, ಟಿಪ್ಪಣಿ ತಪ್ಪಿದರೆ ಆಜ್ಞೆಯೂ ತಪ್ಪುತ್ತದೆ.

ಸಂಭಾಜಿನಗರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಊರವರು ‘ಘಾಟಿ’ ಎನ್ನುತ್ತಾರೆ. ಕಾಲೇಜು 1956ರದು, ಆ ವರ್ಷದ ನವೆಂಬರಿನವರೆಗೆ ಆ ಊರೂ ನಮ್ಮ ಬೀದರ, ಕಲಬುರಗಿಗಳೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಮರಾಠವಾಡದ ಹಳ್ಳಿಯಿಂದ ನೋವು ನುಂಗಿಕೊಂಡು ತಡವಾಗಿ ಬರುವ ಹೆಂಗಸಿನ ಬಾತ ಪಿತ್ತಕೋಶ ಯುರೋಪಿನ ಚಿತ್ರದಂತೆ ಇರಲಾರದು. ಅಂಥವರನ್ನು ಕೈಯಾರೆ ಕೊಯ್ದು ಬಲ್ಲವರೇ ಗುರುತು ಹಾಕದೆ ಹೋದರೆ, ಯಂತ್ರವು ನಮ್ಮವರ ಮಟ್ಟಿಗೆ ಅರೆಗುರುಡು. ಆದ್ದರಿಂದ ಎರಡೂ ಕೆಲಸ ಬಲ್ಲವರು ಬೇಕು, ಅದೂ ಇಂಥ ಊರುಗಳಲ್ಲೇ ಬೇಕು.

ಹಿರಿಯರ ಅಂಜಿಕೆಯೂ ಸುಳ್ಳಲ್ಲ. ಪೋಲೆಂಡಿನ ನಾಲ್ಕು ಕೇಂದ್ರಗಳ ವರದಿ 2025ರಲ್ಲಿ ಬಂತು. ದೊಡ್ಡ ಕರುಳಿನ ದುರ್ಬೀನು ಪರೀಕ್ಷೆಗೆ ಅಲ್ಲಿ ಯಂತ್ರದ ಸಹಾಯ ಬಂದ ಮೇಲೆ, ಅದೇ ವೈದ್ಯರು ಯಂತ್ರವಿಲ್ಲದೆ ಮಾಡಿದ ಪರೀಕ್ಷೆಗಳನ್ನು ಎಣಿಸಿದರು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಮೊದಲು ನೂರಕ್ಕೆ 28.4 ಪರೀಕ್ಷೆಗಳಲ್ಲಿ ಸಿಕ್ಕುತ್ತಿತ್ತು, ಆಮೇಲೆ 22.4ಕ್ಕೆ ಇಳಿದಿತ್ತು. ಯಂತ್ರವೊಂದೇ ಕಾರಣವೆಂದು ಇಷ್ಟರಿಂದ ಸಿದ್ಧವಾಗದು. ಆದರೂ ಮಗಳು ಸಂಶೋಧನೆಗೆ ಹೊರಟರೆ ವಾರದಲ್ಲಿ ಇಂತಿಷ್ಟು ದಿನ ಆಪರೇಷನ್ ಕೋಣೆಯಲ್ಲೇ ಇರುತ್ತೀಯಷ್ಟೆ ಎಂದು ಮನೆಯವರು ಕೇಳುವುದು ಸರಿಯೇ.

ಇನ್ನೊಂದನ್ನು ರೋಗಿಗಳಾಗಿ ನಾವೇ ಕೇಳಬೇಕು. ವೈದ್ಯಕೀಯದಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸುವ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ನೀತಿಸೂತ್ರಗಳನ್ನು ಹೊರಡಿಸಿದೆ. ಆಪರೇಷನ್ನಿಗೆ ಒಪ್ಪಿಗೆಪತ್ರ ಮುಂದಿಟ್ಟಾಗ, ‘ನಮ್ಮ ವೀಡಿಯೊ ಸಂಶೋಧನೆಗೆ ಹೋಗುತ್ತದೆಯೇ, ಹೆಸರು ಅಳಿಸುತ್ತೀರಾ?’ ಎಂದು ಸಹಿಗೆ ಮುಂಚೆ ಕೇಳಿಕೊಳ್ಳಿ.