ಸರಪಳಿಯ ಇನ್ನೊಂದು ತುದಿ

ಸಮೀರವಾಡಿಯ ನಮ್ಮ ಓಣಿಯಲ್ಲಿ ಹೋದ ತಿಂಗಳು ನಾಯಿಯೊಂದು ಶಾಲೆಯ ಹುಡುಗನ ಮೀನಖಂಡವನ್ನು ಕಚ್ಚಿತು. ಅದು ನಾವೆಲ್ಲ ಹೆಮ್ಮೆಪಡುವ ಮುಧೋಳ ತಳಿಯದು. “ನಮ್ಮ ನಾಯಿ ಯಾರಿಗೂ ಕಡಿಯೂದಿಲ್ರಿ, ಸರ” ಎಂದು ಒಡೆಯರು ನನ್ನೊಡನೆ ವಾದಿಸಿದರು. ಬಯಲಿನಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಜೀವವನ್ನು ಅವರು ಹಗಲೆಲ್ಲ ಮಾರುದ್ದದ ಸರಪಳಿಗೆ ಬಿಗಿದಿದ್ದರು. ಅಂದು ಸರಪಳಿ ಕಳಚಿತ್ತು.

ಕೇಂದ್ರ ಸರಕಾರವು 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಆಮದು, ಸಂವರ್ಧನೆ, ಮಾರಾಟಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಟುದೆಂದು ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದುಗೊಳಿಸಿತು. ಆ ಪಟ್ಟಿಯಲ್ಲಿ ಮುಧೋಳ ನಾಯಿಯ ಹೆಸರಿರಲಿಲ್ಲ. ಹುಡುಗನ ಗಾಯಕ್ಕೆ ಪಟ್ಟಿಯ ಪರಿಚಯವೆಲ್ಲಿಯದು?

ಬಲಿಷ್ಠ ದವಡೆಯ ತಳಿ ಕಚ್ಚಿದರೆ ಕೇಡು ಹೆಚ್ಚೆಂಬುದು ನಿಜ. ಅಂಥದನ್ನು ಸಾಕುವವನ ಹೊಣೆಯೂ ಅಷ್ಟೇ ಹೆಚ್ಚಬೇಕು. ಪ್ರಾಣಿಯ ವಿಷಯದಲ್ಲಿ ಅಲಕ್ಷ್ಯ ತೋರಿ ಪರರನ್ನು ಅಪಾಯಕ್ಕೆ ಒಡ್ಡುವವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅಲ್ಲಿ ತಳಿಯ ಮಾತೇ ಇಲ್ಲ. ನೋಂದಣಿ, ರೇಬೀಸ್ ಲಸಿಕೆ, ಬೀದಿಗಿಳಿದಾಗ ಒಡೆಯನ ಕೈಯಲ್ಲಿ ಹಗ್ಗ, ಇವನ್ನು ಊರಾಡಳಿತ ಕಡ್ಡಾಯಗೊಳಿಸಲಿ. ದಿನವೂ ಒಂದಿಷ್ಟು ಓಟವನ್ನು ಒಡೆಯನ ಮನಸ್ಸಾಕ್ಷಿ ಕೊಡಿಸಲಿ.

ಆ ಹುಡುಗ ಈಗ ಶಾಲೆಗೆ ಸುತ್ತುಬಳಸಿ ಹೋಗುತ್ತಾನೆ. ಅವನ ನೇರ ದಾರಿಯನ್ನು ಅವನಿಗೆ ಹಿಂದಿರುಗಿಸುವ ಭಾರ, ನಾಯಿ ಸಾಕಿರುವ ನಾನೂ ಸೇರಿ, ನಮ್ಮೆಲ್ಲರದು.