ಹಲ್ಲಿನ ಬುಡದ ತೇಪೆ

ಪ್ರಾಯ ಕಳೆದ ಗೃಹಸ್ಥರಲ್ಲಿ ಅನೇಕರಿಗೆ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿನಲ್ಲಿ, ಉಗುರಿಗೆ ತಗಲುವಂಥ ಒಂದು ತಗ್ಗು ಉಂಟಾಗಿರುವುದು. ತಣ್ಣೀರು ಸೋಕಿದೊಡನೆ ಆ ಹಲ್ಲು ಜುಮ್ಮೆನ್ನುವುದು. ದಂತವೈದ್ಯರು ಆ ತಗ್ಗಿಗೆ ಹಲ್ಲಿನ ಬಣ್ಣದ ದ್ರವ್ಯವನ್ನು ಅಂಟಿಸಿ ತುಂಬುವರು. ಒಬ್ಬರಿಗೆ ಅದು ಹತ್ತು ವರ್ಷ ಬಾಳಿದರೆ ಮತ್ತೊಬ್ಬರಿಗೆ ವರ್ಷದೊಳಗೇ ಉದುರುವುದು. ಉದುರಿತೆಂದರೆ ವೈದ್ಯರನ್ನು ಹಳಿಯುವುದು ಲೋಕರೂಢಿ. ಆದರೆ ಸ್ಥಳದ ಗುಣವನ್ನೂ ನಮ್ಮ ಅಭ್ಯಾಸವನ್ನೂ ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಎಂಬ ಕಠಿನವಾದ ಕವಚವಿದೆ. ಅದಕ್ಕೆ ಫಾಸ್ಫರಿಕ್ ಆಮ್ಲವನ್ನು ಸವರಿದರೆ ತುಂಬುವ ದ್ರವ್ಯವು ಬಲವಾಗಿ ಹಿಡಿಯುವುದೆಂದು ಅಮೆರಿಕದ ಬ್ಯೂನೊಕೋರ್ ಎಂಬವರು 1955ರಲ್ಲಿ ತೋರಿಸಿಕೊಟ್ಟರು. ಆಮ್ಲದಿಂದುಂಟಾದ ಸೂಕ್ಷ್ಮರಂಧ್ರಗಳಲ್ಲಿ ರಾಳವು ಹೊಕ್ಕು ಗಟ್ಟಿಯಾಗುವುದೇ ಇದಕ್ಕೆ ಕಾರಣ. ಬುಡದಲ್ಲಿಯಾದರೋ ಈ ಕವಚವು ತೆಳುವಾಗಿ ಮುಗಿದುಹೋಗುವುದು. ಅಲ್ಲಿ ತೆರೆದು ಕಾಣುವ ಡೆಂಟಿನ್ ಎಂಬ ಭಾಗವು ಸೂಕ್ಷ್ಮನಾಳಗಳುಳ್ಳದ್ದು, ಸ್ವಭಾವದಿಂದಲೇ ತೇವವುಳ್ಳದ್ದು. ಬಹುಕಾಲ ತೆರೆದಿದ್ದರೆ ಅದು ಹೊಳಪೇರಿ ಆಮ್ಲಕ್ಕೂ ಸುಲಭವಾಗಿ ಮಣಿಯದು. ಸಾಲದುದಕ್ಕೆ ಒಸಡಿನ ಸಂದಿನಿಂದ ದ್ರವವು ಒಸರುತ್ತಿರುವುದು. ಒದ್ದೆ ಕಾಗದಕ್ಕೆ ಗೋಂದು ಹಿಡಿಯುವುದೆಷ್ಟು ಕಷ್ಟವೆಂಬುದು ಎಲ್ಲರೂ ಬಲ್ಲ ವಿಷಯ.

ತುಂಬುವ ದ್ರವ್ಯಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕಾಂಪೊಸಿಟ್ ಎಂಬ ರಾಳ. ನುಣುಪಿನಲ್ಲಿಯೂ ಬಣ್ಣದಲ್ಲಿಯೂ ಇದು ಮೇಲು; ಆದರೆ ಗಟ್ಟಿಯಾಗುವಾಗ ತುಸು ಕುಗ್ಗಿ ಅಂಚನ್ನು ಎಳೆಯುವುದು. ಇದರ ಬಾಳಿಕೆಯು ಬಳಸುವ ಅಂಟನ್ನೂ ತೇವ ತಗಲದಂತೆ ಮಾಡುವ ಕೈಯ ಎಚ್ಚರವನ್ನೂ ಅವಲಂಬಿಸಿದೆ. ಎರಡನೆಯದು ಗ್ಲಾಸ್ ಅಯನೊಮರ್. ಇದನ್ನು ವಿಲ್ಸನ್ ಮತ್ತು ಕೆಂಟ್ ಎಂಬವರು 1972ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಪಡಿಸಿದರು. ಇದು ಹಲ್ಲಿನ ಸುಣ್ಣದ ಅಂಶದೊಡನೆ ರಾಸಾಯನಿಕವಾಗಿ ಬೆಸೆದುಕೊಂಡು ಫ್ಲೋರೈಡನ್ನೂ ಬಿಡುವುದು. ರೋಗಿಗಳಲ್ಲಿ ವರ್ಷಗಟ್ಟಲೆ ನಡೆದ ಪರೀಕ್ಷೆಗಳಲ್ಲಿ ಬುಡದ ತಗ್ಗಿನಿಂದ ಉದುರದೆ ನಿಲ್ಲುವುದರಲ್ಲಿ ಇದು ಒಳ್ಳೆಯ ಹೆಸರನ್ನು ಪಡೆದಿದೆ. ಅಂದದಲ್ಲಿ ಮಾತ್ರ ರಾಳಕ್ಕಿಂತ ಕಡಿಮೆ. ಆದುದರಿಂದ ನಗುವಾಗ ಕಾಣುವ ಹಲ್ಲಿಗೆ ಯಾವುದು, ಹಿಂದಿನ ದವಡೆಗೆ ಯಾವುದು ಎಂಬುದನ್ನು ವೈದ್ಯರೊಡನೆ ಕೇಳಿ ತಿಳಿಯತಕ್ಕದ್ದು. ಅಂಚು ಕಂದಿದ ಮಾತ್ರಕ್ಕೆ ಹುಳುಕು ಹಿಡಿಯಿತೆಂದು ಅಂಜಬೇಕಾಗಿಲ್ಲ; ತೋರಿಸಿಕೊಂಡರೆ ಸಾಕು.

ಇನ್ನು ನಮ್ಮ ಪಾಲಿನ ಕರ್ತವ್ಯ. ಗಡುಸಾದ ಬ್ರಷ್ಷಿನಿಂದಲೋ ಇದ್ದಿಲ ಪುಡಿಯಿಂದಲೋ ಅಡ್ಡಡ್ಡಲಾಗಿ ತಿಕ್ಕುವುದು, ಹುಳಿಪಾನೀಯಗಳನ್ನು ಪದೇಪದೇ ಕುಡಿಯುವುದು ಇವೇ ತಗ್ಗಿಗೆ ಮುಖ್ಯ ಕಾರಣಗಳು. ಕಾರಣವನ್ನು ಉಳಿಸಿಕೊಂಡು ಕಾರ್ಯವನ್ನು ಮಾತ್ರ ಮುಚ್ಚಿದರೆ ತೇಪೆಯ ಪಕ್ಕದಲ್ಲಿಯೇ ಹಲ್ಲು ಮತ್ತೆ ಸವೆಯುವುದು. ಒಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆಂದು ಚರಕಸಂಹಿತೆಯಲ್ಲಿಯೇ ವಿಧಿಸಿದೆ. ಮೃದುವಾದ ಬ್ರಷ್ಷು, ಹಗುರವಾದ ಕೈ: ಇವೆರಡಿದ್ದರೆ ವೈದ್ಯರ ಶ್ರಮವೂ ನಮ್ಮ ಹಣವೂ ಸಾರ್ಥಕವಾಗುವುವು.